ದಿ ಪ್ರಿಸನರ್ ನೋಡಬೇಕಾ, ಮಿಷನ್: ಇಂಪಾಸಿಬಲ್ ನೋಡಬೇಕಾ?

ಹಳೇ ಗೂಢಚಾರಿ ಸೀರಿಯಲ್ ನೋಡೋಣ ಅಂತಿದ್ದರೆ ನನ್ನ ಓಟು ಬ್ರಿಟನ್ನಿನ ‘ದಿ ಪ್ರಿಸನರ್’ಗೆ (1967–68). ಬರೀ 17 ಕಂತು. ಕೆಲಸಕ್ಕೆ ರಾಜೀನಾಮೆ ಕೊಟ್ಟ ಗೂಢಚಾರಿಯನ್ನು ಹೊತ್ತೊಯ್ದು ಒಂದು ಚೆಂದದ ಊರಲ್ಲಿ ಕೂಡಿಹಾಕುತ್ತಾರೆ. ಅಲ್ಲಿ ಹೆಸರಿಲ್ಲ, ನಂಬರ್ ಮಾತ್ರ. ಇವನು ನಂಬರ್ ಆರು. ಓಡಿಹೋಗಲು ನೋಡಿದರೆ ದೊಡ್ಡ ಬಿಳಿ ಬಲೂನೊಂದು ಅಟ್ಟಿಸಿಕೊಂಡು ಬಂದು ಮುಖಕ್ಕೇ ಮೆತ್ತಿಕೊಳ್ಳುತ್ತದೆ. ನೋಡುವ ನಮಗೇ ಉಸಿರು ಕಟ್ಟುತ್ತದೆ. ನಂಬರ್ ಆರು ಆಗಿ ನಟಿಸಿದ ಪ್ಯಾಟ್ರಿಕ್ ಮೆಕ್‌ಗೂಹನ್ ಮುಖದ ಸಿಟ್ಟೇ ಇದರ ಜೀವ. ಆದರೆ ಕೊನೆಯ ಕಂತು ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ.

ಅದು ಆಗಿಬರಲ್ಲ ಅನ್ನುವವರಿಗೆ ಅಮೆರಿಕದ ‘ಮಿಷನ್: ಇಂಪಾಸಿಬಲ್’ (1966–73) ಸರಿ. 171 ಕಂತು, ಬಹುತೇಕ ಬಿಡಿ ಕಥೆಗಳು. ಗುಪ್ತ ಕೆಲಸ ಏನೆಂದು ಹೇಳಿ ಮುಗಿಸಿದ ಟೇಪು ಹೊಗೆಯಾಡುತ್ತದೆ, ತಂಡ ವೇಷ ಹಾಕುತ್ತದೆ, ಶತ್ರು ಬಲೆಗೆ ಬೀಳುತ್ತಾನೆ. ದಿನಕ್ಕೊಂದು ಸಾಕು, ಜಾಸ್ತಿ ನೋಡಿದರೆ ಎಲ್ಲಾ ಒಂದೇ ಥರ ಅನ್ನಿಸುತ್ತದೆ. ತಂಡದ ನಾಯಕನಾಗಿ ನಟ ಪೀಟರ್ ಗ್ರೇವ್ಸ್ ಬರುವ ಎರಡನೇ ಸೀಸನ್‌ನಿಂದ ಶುರುಮಾಡಿ.