ದೋಸೆ ಹಾಕಬಾರದು ಅಂತ ಬರೆಸಿಕೊಂಡ ಛಾಪಾ ಕಾಗದ, ಜೊತೆಗೊಂದು ಖಾಲಿ ಚೆಕ್

ದಾವಣಗೆರೆಯ ಹೋಟೆಲ್‌ಗಳಲ್ಲಿ ಕೆಲಸ ಮಾಡುವ ಹುಡುಗರು ಇದನ್ನೊಮ್ಮೆ ಓದಿ.

ಒಂದು ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಆರು ವರ್ಷ ಹಂಚಿನ ಮುಂದೆ ನಿಂತವನು ನಾನು. ಹಿಟ್ಟಿಗೆ ಮಂಡಕ್ಕಿ ಎಷ್ಟು ಹಾಕಬೇಕು, ಸೌದೆ ಎಷ್ಟು ಹಿಂದಕ್ಕೆಳೆದರೆ ಉರಿ ಹದಕ್ಕೆ ಬರುತ್ತೆ, ಎಲ್ಲ ಅಲ್ಲೇ ಕಲಿತದ್ದು, ಸುಳ್ಳು ಹೇಳಲ್ಲ. ಸಂಬಳ ಜಾಸ್ತಿ ಮಾಡುವಾಗ ಸಾಹುಕಾರರು "ಸುಮ್ನೆ ಇರ್ಲಿ ಕಣಪ್ಪಾ" ಅಂತ ಛಾಪಾ ಕಾಗದ ಮುಂದಿಟ್ಟರು. ಕೆಲಸ ಬಿಟ್ಟ ಮೇಲೆ ಐದು ವರ್ಷ ಊರಲ್ಲಿ ದೋಸೆ ಅಂಗಡಿ ಇಡಬಾರದು, ಬೇರೆ ಹೋಟೆಲ್ ಸೇರಬಾರದು, ತಪ್ಪಿದರೆ ಎರಡು ಲಕ್ಷ. ಸಹಿ ಹಾಕಿದೆ. ಒಂದು ಖಾಲಿ ಚೆಕ್ಕಿಗೂ ಹಾಕಿದೆ.

ಕೆಲಸ ಬಿಟ್ಟು ವಿದ್ಯಾನಗರದ ಕಡೆ ಮಳಿಗೆ ಹಿಡಿದೆ. ಹಂಚು ಇಳಿಸಿದ ದಿನವೇ ಫೋನು, "ಪೇಪರ್ ನೆನಪಿದೆ ಅಲ್ವಾ?" ಹೆದರಿ ಅದೇ ಹಂಚನ್ನು ಟಾಟಾ ಏಸ್‌ಗೆ ಹೇರಿಕೊಂಡು ಚಿತ್ರದುರ್ಗಕ್ಕೆ ಹೋದೆ. ಒಂದೂವರೆ ವರ್ಷ ಗಿರಾಕಿ ಇಲ್ಲದ ಜಾಗದಲ್ಲಿ ನೊಣ ಹೊಡೆದೆ. ಅಡ್ವಾನ್ಸ್ ಹೋಯ್ತು, ಹೆಂಡತಿಯ ಬಳೆ ಅಡ ಹೋಯ್ತು.

ಕೊನೆಗೊಬ್ಬ ವಕೀಲರಿಗೆ ತೋರಿಸಿದೆ. ಓದಿ ನಕ್ಕರು. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕೆಲಸ ಬಿಟ್ಟವನು ಅದೇ ಕಸುಬು ಮಾಡಬಾರದು ಅನ್ನೋ ಷರತ್ತೇ ಶೂನ್ಯವಂತೆ, ನೋಟರಿ ಮೊಹರು ಎಷ್ಟಿದ್ದರೂ ಅಷ್ಟೇ. ತಮ್ಮ ಹೋಟೆಲನ್ನು ಹೆಸರು, ಗಿರಾಕಿ ಸಮೇತ ಮಾರಿದವರ ಲೆಕ್ಕ ಬೇರೆ. ಇಷ್ಟು ವರ್ಷ ದುಡಿಯುತ್ತೇನೆ, ನಡುವೆ ಬಿಟ್ಟರೆ ಇಷ್ಟು ಕಟ್ಟುತ್ತೇನೆ ಅನ್ನೋ ಬಾಂಡೂ ಬೇರೆ, ಒಂದು ಬ್ಯಾಂಕಿನ ಅಂಥ ಬಾಂಡನ್ನು 2025ರಲ್ಲಿ ಸುಪ್ರೀಂ ಕೋರ್ಟೇ ಎತ್ತಿ ಹಿಡಿದಿದೆ.

ಚೆಕ್ ವಿಷಯ ಹೇಳಿದೆ ನೋಡಿ, ಅವರ ನಗು ನಿಂತಿತು. ಸಹಿ ನಮ್ಮದಿದ್ದರೆ ಸಾಕು, ಮೊತ್ತ ಬೇರೆಯವರು ತುಂಬಿದ್ದರೂ ಕೋರ್ಟು ಅದನ್ನು ಸಾಲಕ್ಕೆ ಕೊಟ್ಟದ್ದು ಅಂತಲೇ ಶುರು ಮಾಡುತ್ತೆ. ಅಲ್ಲ ಅಂತ ತೋರಿಸೋದು ನಮ್ಮ ತಲೆನೋವು. ಬೌನ್ಸ್ ಆಗಿ, ನೋಟಿಸ್ ಸಿಕ್ಕ 15 ದಿನದಲ್ಲಿ ಕಟ್ಟದಿದ್ದರೆ ಚೆಕ್‌ಗಳ ಕಾಯ್ದೆಯ (ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್) 138ನೇ ಕಲಂ ಕೇಸು, ಎರಡು ವರ್ಷದವರೆಗೆ ಜೈಲೂ ಆಗಬಹುದು. ಬ್ಯಾಂಕಿಗೆ ಹೇಳಿ ತಡೆ ಹಾಕಿಸಿದರೂ ಕೇಸು ತಪ್ಪುತ್ತೆ ಅಂತಿಲ್ಲ. ನಾನು ಹೆದರಿದ್ದು ಕಾಗದಕ್ಕೆ, ಹೆದರಬೇಕಿದ್ದದ್ದು ಈ ಚೀಟಿಗೆ!

ಈಗ ಊರಲ್ಲೇ ಅಂಗಡಿ ಇಟ್ಟಿದ್ದೇನೆ. ಸಾಹುಕಾರರು ಕಾಗದದ ಮಾತೆತ್ತಲ್ಲ, ಚೆಕ್ ಕೇಳಿದರೆ ಮಾತ್ರ "ಎಲ್ಲಿಟ್ಟಿದ್ದೀನೋ, ಹುಡುಕ್ತೀನಿ ತಡಿ" ಅಂತಾರೆ. ಚೆಕ್ ನಂಬರ್ ಬರೆದು ವಾಪಸ್ ಕೊಡಿ ಅಂತ ವಕೀಲರ ಕೈಲಿ ಸ್ಪೀಡ್ ಪೋಸ್ಟ್ ಹಾಕಿಸಿದ್ದೇನೆ. ಅದರ ರಸೀದಿ ನನ್ನ ಗಲ್ಲಾದಲ್ಲಿದೆ.