ಬಂಗಾರಂ ಮತ್ತು ಹ್ಯಾವ್‌ಲಾಕ್: ಗಾಳ ಹಿಡಿದು ಹೋದವನ ಹೋಲಿಕೆ

ಗಾಳ ಹಾಕುವುದಕ್ಕೆಂದೇ ರಜೆ ಹಾಕಿ ದೂರದ ದ್ವೀಪಕ್ಕೆ ಹೋಗಬೇಕೆನ್ನುವವರಿಗೆ ನಮ್ಮ ದೇಶದೊಳಗೆ ಮುಖ್ಯವಾಗಿ ಇರುವುದು ಎರಡು ದಿಕ್ಕು: ಪಶ್ಚಿಮಕ್ಕೆ ಲಕ್ಷದ್ವೀಪ, ಪೂರ್ವಕ್ಕೆ ಅಂಡಮಾನ್. ಕುಂದಾಪುರದ ಅಳಿವೆಯಲ್ಲಿ ಗಾಳ ಹಿಡಿಯಲು ಕಲಿತ ನಾನು ಒಂದು ಜನವರಿಯಲ್ಲಿ ಮನೆಯವರೊಂದಿಗೆ ಲಕ್ಷದ್ವೀಪದ ಬಂಗಾರಂನಲ್ಲಿ ಐದು ದಿನ, ಮರುವರ್ಷದ ಮಾರ್ಚಿನಲ್ಲಿ ಮೂವರು ಗೆಳೆಯರೊಂದಿಗೆ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಆರು ದಿನ ಕಳೆದೆ. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪವೆಂಬ ಹೆಸರಿದೆಯಾದರೂ ಅಲ್ಲಿನ ದೋಣಿಯವರ ಬಾಯಲ್ಲಿ ಈಗಲೂ ಹಳೆಯ ಹೆಸರೇ ಇದೆ. ನಾನೂ ಅದನ್ನೇ ಬಳಸುತ್ತೇನೆ.

ಹೋಗುವ ದಾರಿಯಲ್ಲಿ ಅಂಡಮಾನ್ ಸುಲಭ. ಭಾರತೀಯರಿಗೆ ಅಲ್ಲಿನ ಸಾಮಾನ್ಯ ಪ್ರವಾಸಿ ದ್ವೀಪಗಳಿಗೆ ಪರವಾನಗಿ ಬೇಕಿಲ್ಲ. ವಿಮಾನದಲ್ಲಿ ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯ ಪುರಂ) ತಲುಪಿ, ಅಲ್ಲಿಂದ ಹಡಗು ಹತ್ತಿದರೆ ಮುಗಿಯಿತು. ಲಕ್ಷದ್ವೀಪದ ವಿಷಯ ಹಾಗಲ್ಲ. ದ್ವೀಪವಾಸಿಗಳಲ್ಲದ ಯಾರೇ ಆದರೂ ಪ್ರವೇಶ ಪರವಾನಗಿ ಪಡೆಯಬೇಕು, ಅದಕ್ಕೆ ಪೊಲೀಸ್ ಠಾಣೆಯ ಪ್ರಮಾಣಪತ್ರವನ್ನೂ ಜೋಡಿಸಬೇಕು. ಆಮೇಲೆ ಕೊಚ್ಚಿಯಿಂದ ಅಗತ್ತಿ ದ್ವೀಪಕ್ಕೆ ಸಣ್ಣ ವಿಮಾನ, ಅಗತ್ತಿಯಿಂದ ಬಂಗಾರಂಗೆ ದೋಣಿ. ಆ ವಿಮಾನಕ್ಕೆ ಉದ್ದನೆಯ ಗಾಳದ ಕೋಲಿನ ಕೊಳವೆಯನ್ನು ಹತ್ತಿಸುವುದೇ ಒಂದು ರಗಳೆ. ಎರಡು ಮೂರು ತುಂಡಾಗಿ ಬಿಚ್ಚಿಕೊಳ್ಳುವ ಕೋಲನ್ನೇ ಒಯ್ಯುವುದು ಜಾಣತನ. ನಮ್ಮ ಕರಾವಳಿಯವರಿಗೆ ಈ ಓಡಾಟ ಸ್ವಲ್ಪ ವಿಚಿತ್ರವಾಗಿಯೂ ಕಾಣುತ್ತದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮೀನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ತುಂಬಿಕೊಂಡು ಮಂಜಿಗಳು, ಅಂದರೆ ಸರಕಿನ ದೋಣಿಗಳು, ಇವತ್ತಿಗೂ ಆ ಕಡೆಗೆ ಹೋಗುತ್ತವೆ. ನಾವು ಮಾತ್ರ ಕೊಚ್ಚಿ ಸುತ್ತಿ ಹೋಗಬೇಕಾಯಿತು.

ಎರಡು ಕಡೆಯ ಮೀನುಗಾರಿಕೆ ಬೇರೆಯಾಗಿರುವುದಕ್ಕೆ ಕಾರಣ ನೀರಿನ ಕೆಳಗಿನ ನೆಲದಲ್ಲಿದೆ. ಲಕ್ಷದ್ವೀಪವೆಂದರೆ ಹವಳದ ಉಂಗುರಗಳು. ನೆಲವೆಂಬುದು ಉಂಗುರದ ಪೂರ್ವದ ಅಂಚಿನಲ್ಲಿ ಮೂಡಿದ ಮರಳಿನ ಪಟ್ಟಿ. ಪಶ್ಚಿಮಕ್ಕೆ ಆಳವಿಲ್ಲದ, ತಿಳಿಹಸಿರು ಬಣ್ಣದ ಲಗೂನ್. ಅದರ ಆಚೆಗಿನ ಹವಳದ ದಂಡೆಯನ್ನು ದಾಟಿದರೆ ಸ್ವಲ್ಪ ದೂರದಲ್ಲೇ ತಳವಿಲ್ಲದಂಥ ಆಳ. ಹಾಗಾಗಿ ಮಕ್ಕಳು ಮೊಣಕಾಲುದ್ದದ ನೀರಿನಲ್ಲಿ ನಿಂತು ಗಾಳ ಹಾಕುತ್ತಿರುವಾಗಲೇ ದೊಡ್ಡವರು ಅರ್ಧ ಗಂಟೆ ದೋಣಿಯಲ್ಲಿ ಹೋಗಿ ಕೇದರ (ಟ್ಯೂನಾ) ಹಿಡಿಯಬಹುದು. ಅಂಡಮಾನ್ ಸಮುದ್ರದಿಂದ ಮೇಲೆದ್ದ ಬೆಟ್ಟಸಾಲಿನ ನೆತ್ತಿ. ಕಾಡು, ಕಾಂಡ್ಲಾ ಗಿಡಗಳ ಕೊಲ್ಲಿಗಳು, ಬಂಡೆಯ ಮೂತಿಗಳು, ನೀರಿನಡಿಯ ದಿಬ್ಬಗಳು, ಅವುಗಳ ನಡುವೆ ನುಗ್ಗುವ ಸೆಳೆತ, ಇವೆಲ್ಲ ಅಲ್ಲಿವೆ. ಸೆಳೆತ ಬಂಡೆಗೆ ಬಡಿಯುವ ಕಡೆ ಸಣ್ಣ ಮೀನು ಗುಂಪುಗೂಡುತ್ತದೆ, ಅದನ್ನು ತಿನ್ನಲು ದೊಡ್ಡದು ಹೊಂಚು ಹಾಕುತ್ತದೆ.

ಆ ದೊಡ್ಡದರ ಹೆಸರು ಜೈಂಟ್ ಟ್ರೆವಲ್ಲಿ. ಗಾಳಗಾರರು ಜಿಟಿ ಎನ್ನುತ್ತಾರೆ. ಗಾಳದಲ್ಲಿ ಸಿಕ್ಕ ಅತಿ ದೊಡ್ಡ ಜಿಟಿಯ ವಿಶ್ವದಾಖಲೆ 2006ರಲ್ಲಿ ಜಪಾನಿನ ತೊಕಾರಾದಲ್ಲಿ ಬಂದದ್ದು, 72.8 ಕಿಲೊ. ನನಗೆ ಸಿಕ್ಕದ್ದು ಅದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಿತ್ತು, ಆದರೂ ಆ ಹತ್ತು ನಿಮಿಷ ಮರೆಯುವಂಥದ್ದಲ್ಲ. ಅಲ್ಲಿ ಎರೆ ಕಟ್ಟುವುದಿಲ್ಲ. ನೂರೈವತ್ತು ಗ್ರಾಂ ತೂಗುವ, ಮುಂದೆ ಬಟ್ಟಲಿನಂತೆ ತಗ್ಗಿರುವ, ಪಾಪರ್ ಎಂಬ ಮರದ ನಕಲಿ ಮೀನನ್ನು ಬಂಡೆಯ ಬುಡದ ನೊರೆಗೆ ಎಸೆದು, ಕೋಲನ್ನು ಜಗ್ಗಿ ಜಗ್ಗಿ ಅದು ನೀರಿನ ಮೇಲೆ ಗುಳುಕ್ ಗುಳುಕ್ ಎನ್ನುವಂತೆ ಎಳೆಯಬೇಕು. ಬೆಳಗಿನಿಂದ ನೂರಾರು ಸಲ ಎಸೆದು ತೋಳು ಸೋತಿತ್ತು. ಇದ್ದಕ್ಕಿದ್ದಂತೆ ಪಾಪರ್ ಇದ್ದ ಜಾಗದಲ್ಲಿ ನೀರು ಕುಳಿಬಿದ್ದಂತಾಗಿ, ರೀಲಿನಿಂದ ದಾರ ಕಿರುಚಿಕೊಂಡು ಹೋಗತೊಡಗಿತು. ನಮ್ಮ ಚಾಲಕ ಒಂದು ಮಾತನ್ನೂ ಆಡದೆ ದೋಣಿಯನ್ನು ಬಂಡೆಯಿಂದ ಹೊರಕ್ಕೆ ತಿರುಗಿಸಿದ. ಮೀನು ಬಂಡೆಯ ಸಂದಿಗೆ ಹೊಕ್ಕರೆ ಎಷ್ಟು ಗಟ್ಟಿಯಾದ ದಾರವೂ ಉಳಿಯುವುದಿಲ್ಲ. ಕೋಲಿನ ಹಿಂತುದಿ ಹೊಟ್ಟೆಗೆ ಒತ್ತಿ ಮೂಡಿಸಿದ ನೀಲಿ ಗುರುತು ಊರಿಗೆ ಬಂದ ಮೇಲೂ ಒಂದು ವಾರ ಇತ್ತು. ಫೋಟೋ ತೆಗೆದು, ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿ, ಚಾಲಕ ಮೀನಿನ ಬಾಲದ ಬುಡವನ್ನು ಹಿಡಿದು ತಲೆಯನ್ನು ಸೆಳೆತಕ್ಕೆ ಎದುರಾಗಿ ನಿಲ್ಲಿಸಿಕೊಂಡ. ಅದು ಚೇತರಿಸಿಕೊಂಡು ಬಾಲ ಒದರಿ ಆಳಕ್ಕಿಳಿದ ಮೇಲೆಯೇ ಕೈ ಒರೆಸಿಕೊಂಡದ್ದು. ಜಿಟಿಯನ್ನು ಹಿಡಿದು ಬಿಡುವುದೇ ಅಲ್ಲಿನ ಪದ್ಧತಿ.

ಲಕ್ಷದ್ವೀಪದಲ್ಲಿ ಮೀನು ಬಿಡುವ ಮಾತೆತ್ತಿದರೆ ಜನ ನಮ್ಮನ್ನು ಅನುಕಂಪದಿಂದ ನೋಡುತ್ತಾರೆ. ಅಲ್ಲಿಯ ಬದುಕು ನಿಂತಿರುವುದೇ ತೆಂಗು ಮತ್ತು ಕೇದರದ ಮೇಲೆ. ಅವರು ಅದನ್ನು ಚೂರ ಎನ್ನುತ್ತಾರೆ, ಬೇಯಿಸಿ ಹೊಗೆಯಾಡಿಸಿ ಒಣಗಿಸಿದರೆ ಅದು ಮಾಸ್. ಮೂಲತಃ ಮಿನಿಕಾಯ್ ದ್ವೀಪದ ವಿದ್ಯೆಯಾದ ಕೋಲು-ಗಾಳದ ಮೀನುಗಾರಿಕೆ ಯಂತ್ರದ ದೋಣಿಗಳು ಬಂದ ಮೇಲೆ ಅಗತ್ತಿಯಲ್ಲೂ ನೆಲೆಯೂರಿತು. ಪರಿಚಯದವರೊಬ್ಬರ ಮೂಲಕ ಒಂದು ದಿನ ಆ ದೋಣಿ ಹತ್ತಿದೆ. ಕತ್ತಲಿರುವಾಗಲೇ ಲಗೂನಿನಲ್ಲಿ ಬಲೆ ಇಳಿಸಿ ಬೆರಳುದ್ದದ ಚಾಳ ಮೀನನ್ನು ಜೀವಂತವಾಗಿ ಹಿಡಿದು, ದೋಣಿಯ ನಡುವಿನ ನೀರಿನ ತೊಟ್ಟಿಯಲ್ಲಿ ತುಂಬಿಕೊಂಡರು. ಹೊರಗಡಲಿನಲ್ಲಿ ಹಕ್ಕಿಗಳು ಎರಗುತ್ತಿದ್ದ ಕಡೆಗೆ ದೋಣಿಯನ್ನು ಬಿಟ್ಟು, ಒಬ್ಬ ಆ ಚಾಳವನ್ನು ಹಿಡಿಹಿಡಿಯಾಗಿ ಎರಚಿದರೆ, ಇನ್ನಿಬ್ಬರು ನೀರು ಚಿಮುಕಿಸಿ ಮೇಲ್ಮೈಯನ್ನು ಕಲಕುತ್ತಿದ್ದರು. ಹಿಂಬದಿಯ ಹಲಗೆಯ ಮೇಲೆ ಸಾಲಾಗಿ ನಿಂತವರ ಕೊಕ್ಕೆಗಳಲ್ಲಿ ಎರೆಯೂ ಇಲ್ಲ, ಮುಳ್ಳೂ ಇಲ್ಲ. ನೀರಿಗೆ ತಾಗಿಸಿದ್ದೇ ತಡ, ಕೇದರ ಕಚ್ಚುತ್ತದೆ. ಕೋಲನ್ನು ಹಿಂದಕ್ಕೆ ಬೀಸಿದರೆ ಮೀನು ತಲೆಯ ಮೇಲಿಂದ ಹಾರಿ ಬಂದು, ತಾನಾಗಿಯೇ ಕೊಕ್ಕೆ ಕಳಚಿಕೊಂಡು ದೋಣಿಯೊಳಗೆ ಬೀಳುತ್ತದೆ. ಬಿದ್ದ ಮೀನುಗಳ ಬಾಲ ಹಲಗೆಗೆ ಬಡಿಯುವ ಸದ್ದು ಹತ್ತಾರು ಮಂದಿ ಒಟ್ಟಿಗೆ ತಮಟೆ ಬಾರಿಸಿದಂತಿತ್ತು. ಕಾಲು ಗಂಟೆಯಲ್ಲಿ ಎಲ್ಲವೂ ನಿಂತುಹೋಯಿತು. ನನ್ನ ಕೈಗೂ ಒಂದು ಕೋಲು ಕೊಟ್ಟಿದ್ದರು. ಅವರು ನಲವತ್ತು ಹಿಡಿದಾಗ ನಾನು ಮೂರು ಹಿಡಿದಿದ್ದೆ, ಅದರಲ್ಲೊಂದು ದೋಣಿಯ ಇನ್ನೊಂದು ಬದಿಯಿಂದ ಸಮುದ್ರಕ್ಕೇ ಹಾರಿಹೋಯಿತು.

ಬಂಗಾರಂನ ಉಳಿದ ದಿನಗಳಲ್ಲಿ ಆಟ ಚಿಕ್ಕದು. ಪಕ್ಕದ ತಿಣ್ಣಕರ ದ್ವೀಪದ ಕಡೆಗೆ ಸಂಜೆ ಹೋಗಿ ಕೈದಾರದಲ್ಲಿ ಕೇದರದ ತುಂಡು ಕಟ್ಟಿ ಇಳಿಬಿಟ್ಟರೆ ಮುರು ಮೀನು, ಕೆಂಬೇರಿ ಸಿಗುತ್ತಿದ್ದವು. ನನ್ನ ಹೆಂಡತಿ ಹಿಡಿದ ಮುರು ಮೀನು ಅದೇ ರಾತ್ರಿ ತೆಂಗಿನೆಣ್ಣೆಯಲ್ಲಿ ಹುರಿದು ತಟ್ಟೆಗೆ ಬಂತು. ಅಂಡಮಾನಿನಲ್ಲಿ ಆರು ದಿನ ಮೀನಿನ ಬೆನ್ನು ಹತ್ತಿದ ನಮಗೆ ಊಟಕ್ಕೆ ಸಿಕ್ಕದ್ದು ಹೆಚ್ಚಾಗಿ ದಾಲ್ ಮತ್ತು ಹೋಟೆಲಿನವರು ಪೇಟೆಯಿಂದ ತಂದ ಮೀನು.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ಹ್ಯಾವ್‌ಲಾಕ್‌ನಲ್ಲಿ ದೋಣಿಯ ಬಾಡಿಗೆಯನ್ನು ನಾಲ್ವರು ಹಂಚಿಕೊಂಡರೂ ಎರಡು ದಿನದ ನನ್ನ ಪಾಲು ಹೋಗಿಬರುವ ವಿಮಾನದ ಟಿಕೆಟ್ಟನ್ನು ಮೀರಿತು. ಕೋಲು, ರೀಲು, ಪಾಪರುಗಳ ಲೆಕ್ಕ ಬೇರೆ. ಪೋರ್ಟ್ ಬ್ಲೇರಿನಿಂದ ಸುಮಾರು 135 ಕಿ.ಮೀ. ದೂರದ, ದೇಶದ ಏಕೈಕ ಜೀವಂತ ಜ್ವಾಲಾಮುಖಿಯಿರುವ ಬ್ಯಾರನ್ ದ್ವೀಪದ ಸುತ್ತ ಡಾಗ್‌ಟೂತ್ ಟ್ಯೂನಾ ಹಿಡಿಯುವ ಆಸೆಯಿಂದ ಮುಂಗಡ ಕೊಟ್ಟಿದ್ದೆವು. ಗಾಳಿ ಎದ್ದು ಪ್ರಯಾಣ ರದ್ದಾಯಿತು, ಅದು ಯಾರ ತಪ್ಪೂ ಅಲ್ಲ. ಆದರೆ ಹಣ ಮರಳಿಸುತ್ತೇವೆಂದವರು ಆಮೇಲೆ ಫೋನೆತ್ತುವುದನ್ನೇ ಬಿಟ್ಟರು. ಹವಾಮಾನದಿಂದ ರದ್ದಾದರೆ ಏನು ಮಾಡುತ್ತೀರಿ ಎಂಬುದನ್ನು ಬರವಣಿಗೆಯಲ್ಲಿ ಪಡೆಯದೆ ದೂರದ ದೋಣಿಗೆ ಹಣ ಕೊಡಬಾರದು.

ಗಡಿಯಾರದ ಸಂಗತಿಯೊಂದನ್ನು ಯಾರೂ ಮೊದಲೇ ಹೇಳುವುದಿಲ್ಲ. ಎರಡೂ ಕಡೆ ಒಂದೇ ಸಮಯವಿದ್ದರೂ ಮಾರ್ಚಿನ ಅಂಡಮಾನಿನಲ್ಲಿ ಸೂರ್ಯ ಹುಟ್ಟುವುದು ಐದೂವರೆಯ ಹೊತ್ತಿಗೆ, ಮುಳುಗುವುದೂ ಸಂಜೆ ಐದೂವರೆಗೇ; ಜನವರಿಯ ಬಂಗಾರಂನಲ್ಲಿ ಬೆಳಗಾಗುವಾಗ ಏಳಾಗಿರುತ್ತದೆ. ಜಿಟಿಗೆ ಹೋಗುವವರು ನಾಲ್ಕಕ್ಕೇ ಏಳಬೇಕು.

ಮಾಲ್ಡೀವ್ಸ್‌ಗೂ ಒಮ್ಮೆ ಹೋಗಿದ್ದೇನೆ. ಅಲ್ಲಿನ ರೆಸಾರ್ಟುಗಳ ಸಂಜೆಯ ಗಾಳ ಬಂಗಾರಂನ ಕೈದಾರವೇ, ಬೆಲೆ ಮಾತ್ರ ಡಾಲರಿನಲ್ಲಿ. ಪರವಾನಗಿಯ ಓಡಾಟ ಬೇಡವೆನ್ನುವವರಿಗೆ ಹೊಂದೀತು.

ತೋಳಿನಲ್ಲಿ ಕಸುವಿದ್ದು, ಇಡೀ ದಿನ ಬರಿಗೈಯಲ್ಲಿ ಮರಳಿದರೂ ಬೇಸರಿಸದವರು ಅಂಡಮಾನಿಗೆ ಹೋಗಲಿ, ಆದರೆ ಗಾಳದ ಹುಚ್ಚಿಲ್ಲದವರನ್ನು ಆ ದೋಣಿಗೆ ಹತ್ತಿಸುವುದು ಬೇಡ. ನನ್ನ ಪಾಪರ್ ಕೋಲನ್ನು ಈ ಮಾರ್ಚಿನಲ್ಲಿ ಹ್ಯಾವ್‌ಲಾಕ್‌ಗೆ ಹೊರಟಿರುವ ಗೆಳೆಯನಿಗೆ ಕೊಟ್ಟಿದ್ದೇನೆ. ಮನೆಯಲ್ಲಿ ಪೊಲೀಸ್ ಠಾಣೆಯ ಅರ್ಜಿ ತುಂಬಿಸಿಟ್ಟಿದೆ. ಈ ಬಾರಿ ಮಗಳ ಹೆಸರಿಗೂ ಒಂದು ಕೈದಾರ ಸುತ್ತಿಟ್ಟಾಗಿದೆ.