ಓಡಿಬಂದವಳು, ಸುದ್ದಿಗಾರ: ಯಾವ ಚಿತ್ರ ಮೊದಲು?

ಫ್ರಾಂಕ್ ಕಾಪ್ರಾ ಅವರ ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934), ವಿಲಿಯಂ ವೈಲರ್ ಅವರ ‘ರೋಮನ್ ಹಾಲಿಡೇ’ (1953) ಎರಡರಲ್ಲಿಯೂ ಕಟ್ಟುಪಾಡು ತಾಳಲಾರದೆ ಹೊರಬಿದ್ದ ಯುವತಿಯೊಬ್ಬಳಿಗೆ, ಅವಳ ಕಥೆಯನ್ನೇ ಮಾರಲು ಹೊಂಚುಹಾಕುವ ಪತ್ರಕರ್ತ ಜೊತೆಯಾಗುತ್ತಾನೆ. ಮಾತಿನ ಚಕಮಕಿ ಬೇಕೆನ್ನುವವರಿಗೆ ಮೊದಲನೆಯದು ಒಪ್ಪುತ್ತದೆ: ಬಸ್ ಪ್ರಯಾಣ, ಇಬ್ಬರ ಹಾಸಿಗೆಗಳ ನಡುವೆ ಹಗ್ಗಕ್ಕೆ ತೂಗುಹಾಕಿದ ಕಂಬಳಿ, ಕ್ಲಾರ್ಕ್ ಗೇಬಲ್ ಮತ್ತು ಕ್ಲಾಡೆಟ್ ಕೋಲ್ಬರ್ಟ್ ಜೋಡಿಯ ಚುರುಕು ಇಂದಿಗೂ ಮಾಸಿಲ್ಲ. ಆದರೆ ಅವಳಿಗೆ ದಿನಕ್ಕೊಂದು ಏಟು ಬೇಕೆಂದು ನಾಯಕ ಅವಳ ತಂದೆಗೇ ಹೇಳುವುದನ್ನು, ಕಾಲ ಹಾಗಿತ್ತೆಂದು ಕ್ಷಮಿಸಲು ನನಗೆ ಮನಸ್ಸಾಗುವುದಿಲ್ಲ. ‘ರೋಮನ್ ಹಾಲಿಡೇ’ಯ ದೋಷ ಬೇರೆ; ನಾಯಕಿಗೆ ಅರಿವಿಲ್ಲದಂತೆ ಅವಳ ಫೋಟೊಗಳನ್ನು ಗುಟ್ಟಾಗಿ ತೆಗೆಯುವ ವಂಚನೆಯನ್ನು ಅದು ತೀರ ಹಗುರವಾಗಿ ಕಾಣುತ್ತದೆ. ಆದರೂ ರೋಮ್‌ನ ಬೀದಿಗಳಲ್ಲಿಯೇ ಚಿತ್ರೀಕರಿಸಿದ ಆ ಒಂದು ದಿನದ ಬಿಡುಗಡೆ, ಆಸ್ಕರ್ ಗೆದ್ದ ಆಡ್ರಿ ಹೆಪ್‌ಬರ್ನ್ ಅವರ ಅಭಿನಯ, ಪತ್ರಿಕಾಗೋಷ್ಠಿಯಲ್ಲಿ ಕಣ್ಣುಗಳಲ್ಲಿಯೇ ನಡೆದುಹೋಗುವ ವಿದಾಯ, ಇವುಗಳಿಗಾಗಿ ಮೊದಲು ಇದನ್ನೇ ನೋಡಬೇಕು.